ಹೂರಣ ಬಯಲಾದ ದಿನ

ಸ್ಟಾಫ್ ರೂಮಿನ ಫ್ಯೂಸ್ ಹೋದಾಗ ತಂತಿ ಕಟ್ಟಿದ್ದೇ ನಾನು ಮಾಡಿದ ತಪ್ಪು. ಫಿಸಿಕ್ಸ್ ಮೇಷ್ಟ್ರು ಅಂದಮೇಲೆ ಕರೆಂಟಿನ ಸಂಗತಿ ಗೊತ್ತಿರಲೇಬೇಕು ಎಂದು ಕಾಲೇಜಿನಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟರು. ಕರೆಂಟು ಗೊತ್ತಿದ್ದವನಿಗೆ ಜೆರಾಕ್ಸ್ ಮೆಷಿನ್ ಗೊತ್ತು, ಜೆರಾಕ್ಸ್ ಗೊತ್ತಿದ್ದವನಿಗೆ ಕಂಪ್ಯೂಟರ್ ಗೊತ್ತು, ಕಂಪ್ಯೂಟರ್ ಗೊತ್ತಿದ್ದವನಿಗೆ ಸರ್ವರ್ ಗೊತ್ತಿಲ್ಲದೆ ಇರುತ್ತದೆಯೇ? ಹೀಗೆ ಫ್ಯೂಸಿನ ತಂತಿ ಹಿಡಿದು ಮೇಲೇರಿದವನು ಕೊನೆಗೆ ಬಂದು ಮೊಣಕಾಲೂರಿದ್ದು ಗ್ರಂಥಾಲಯದ ಮೇಜಿನ ಅಡಿಯಲ್ಲಿ. ಅಲ್ಲಿ ಗೋಣಿತಾಟಿನ ಮೇಲೆ ಹಳೆಯ ಪೆಂಟಿಯಂ 4 ಡಬ್ಬಿಯೊಂದು ಗುಂಯ್‌ಗುಡುತ್ತಿತ್ತು. ಮೆಮೊರಿ 512 ಎಂಬಿ. ಪಕ್ಕದಲ್ಲಿ ಒಂದು ಯುಪಿಎಸ್ಸು. ಮಲೆನಾಡಿನ ಮಳೆಗಾಲದಲ್ಲಿ ಆ ಯುಪಿಎಸ್ಸು ಕೂಗಿದಷ್ಟು ನಮ್ಮೂರ ಕಪ್ಪೆಗಳೂ ಕೂಗುತ್ತಿರಲಿಲ್ಲ.

ಆ ಡಬ್ಬಿಯೊಳಗೆ ಗ್ರಂಥಾಲಯದ ಪುಸ್ತಕಗಳ ಪಟ್ಟಿ ಇತ್ತು, ಇಂಟರ್ನಲ್ ಮಾರ್ಕ್ಸ್ ಇತ್ತು, ಹಳೆಯ ಪ್ರಶ್ನೆಪತ್ರಿಕೆಗಳಿದ್ದವು. ಬಿಸಿಎ ಓದುತ್ತಿದ್ದ ನಾಲ್ಕು ಹುಡುಗರು ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ಅದನ್ನು ಬರೆದು, ವೈವಾ ಮುಗಿಸಿ, ಪೇಡ ಹಂಚಿ, ಬೆಂಗಳೂರಿನ ಬಸ್ಸು ಹತ್ತಿದ್ದರು. ಬರೆದವರು ಹೋದರು, ಬರೆದದ್ದು ಉಳಿಯಿತು. ಸಾಹಿತ್ಯದಲ್ಲಿ ಇದು ದೊಡ್ಡ ಭಾಗ್ಯ. ಸಾಫ್ಟ್‌ವೇರಿನಲ್ಲಿ ಉಳಿದದ್ದನ್ನು ನೋಡಿಕೊಳ್ಳುವವನ ಕರ್ಮ.

ಬರೆದದ್ದು ಪಿಎಚ್‌ಪಿಯಲ್ಲಿ, ಬಡಿಸುತ್ತಿದ್ದದ್ದು ಅಪಾಚೆ. ಹಾಗಂದರೇನು ಎಂದು ಗ್ರಂಥಪಾಲಕಿ ಮೇಡಂ ಕೇಳಿದಾಗ ನನಗೆ ತಕ್ಷಣ ಹೊಳೆದದ್ದು ಹೋಳಿಗೆ. ಪುಟ ಅನ್ನುವುದು ಕಣಕ. ಅದು ಎಲ್ಲರಿಗೂ ಒಂದೇ: ಮೇಲೆ ಕಾಲೇಜಿನ ಹೆಸರು, ಕೆಳಗೆ ಪಟ್ಟಿಯ ಚೌಕಟ್ಟು. ಅದರ ನಡುವೆ ಅಲ್ಲಲ್ಲಿ ಪಿಎಚ್‌ಪಿಯ ಹೂರಣ ತುಂಬಿರುತ್ತಾರೆ. ಕೋನದ ಆವರಣ, ಒಂದು ಪ್ರಶ್ನಾರ್ಥಕ ಚಿಹ್ನೆ, ಭಾಷೆಯ ಹೆಸರು: ಇಷ್ಟು ಬಂದರೆ ಹೂರಣ ಶುರು. ಪ್ರಶ್ನಾರ್ಥಕ ಚಿಹ್ನೆ, ಮುಚ್ಚುವ ಕೋನ ಬಂದರೆ ಹೂರಣ ಮುಗಿಯಿತು. ಯಾರಾದರೂ ಪುಟ ಕೇಳಿದರೆ ಅಪಾಚೆ ಕಡತ ತೆಗೆದು ತನ್ನೊಳಗೇ ಕೂತಿರುವ ಪಿಎಚ್‌ಪಿಯ ಕೈಗೆ ಕೊಡುತ್ತದೆ. ಅದು ಕಣಕವನ್ನು ಮುಟ್ಟದೆ ಇದ್ದ ಹಾಗೆಯೇ ದಾಟಿಸುತ್ತದೆ, ಹೂರಣವನ್ನು ಮಾತ್ರ ಬೇಯಿಸಿ ಫಲಿತವನ್ನು ಅದೇ ಜಾಗದಲ್ಲಿ ಇಡುತ್ತದೆ. ಕೇಳಿದವರಿಗೆ ಸಿಗುವುದು ಬೆಂದ ಹೋಳಿಗೆ. ಒಳಗೆ ಏನಿತ್ತು, ಬೆಲ್ಲ ಎಷ್ಟು, ಬೇಳೆ ಯಾವುದು ಎಂಬುದು ಅಡುಗೆಮನೆಯ ಗುಟ್ಟು. “ಹೋಳಿಗೆ ಮಾಡೋದ್ರಲ್ಲಿ ಕಷ್ಟ ಇರೋದು ಹೂರಣದಲ್ಲೂ ಅಲ್ಲ, ಕಣಕದಲ್ಲೂ ಅಲ್ಲ ಸರ್, ಅಂಚು ಕೂಡಿಸೋದ್ರಲ್ಲಿ” ಅಂದರು ಮೇಡಂ. ಅವರು ಹೋಳಿಗೆಯ ಬಗ್ಗೆಯೇ ಹೇಳಿದ್ದು. ಆ ಮಾತು ಎಷ್ಟು ದೂರ ಹೋಗುತ್ತದೆಂದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಈ ಹೋಳಿಗೆ ಮೊದಲು ತಟ್ಟಿದ್ದು ರಾಸ್ಮಸ್ ಲೆರ್ಡಾರ್ಫ್. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿ ಡೆನ್ಮಾರ್ಕ್, ಕೆನಡಾಗಳಲ್ಲಿ ಬೆಳೆದವನು. 1994ರಲ್ಲಿ ತನ್ನ ಬಯೋಡಾಟಾದ ಪುಟವನ್ನು ಯಾರ್‍ಯಾರು ನೋಡುತ್ತಿದ್ದಾರೆ ಎಂದು ತಿಳಿಯಲು ಸಿ ಭಾಷೆಯಲ್ಲಿ ಸಣ್ಣಪುಟ್ಟ ಸಲಕರಣೆ ಮಾಡಿಕೊಂಡು, 1995ರಲ್ಲಿ ಊರಿಗೆಲ್ಲ ಹಂಚಿದ. ಪರ್ಸನಲ್ ಹೋಮ್ ಪೇಜ್ ಎಂಬುದೇ ಆಗ ಅದರ ಹೆಸರು. ಬಯೋಡಾಟಾ ಯಾರು ನೋಡಿದರು ಎಂಬ ಕುತೂಹಲದಿಂದ ಲೋಕದ ಅಷ್ಟೊಂದು ಪುಟಗಳನ್ನು ನಡೆಸುವ ಭಾಷೆಯೊಂದು ಹುಟ್ಟಿತು ಅನ್ನುವುದು ಕೆಲಸಕ್ಕೆ ಅರ್ಜಿ ಹಾಕಿ ಕಾದವರಿಗೆಲ್ಲ ಅರ್ಥವಾಗುತ್ತದೆ. ಅಪಾಚೆಯದೂ ಅದೇ 1995ರ ಹುಟ್ಟು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಾಬ್ ಮೆಕೂಲ್ ಬರೆದಿದ್ದ ಸರ್ವರ್, ಅವನು ಅಲ್ಲಿಂದ ಹೊರಟಮೇಲೆ ದಿಕ್ಕಿಲ್ಲದಂತಾಗಿತ್ತು. ಬಳಸುತ್ತಿದ್ದವರು ತಂತಮ್ಮಲ್ಲೇ ತೇಪೆಗಳನ್ನು ಹಂಚಿಕೊಂಡು ಸೇರಿಸಿ ಹೊಲಿದದ್ದೇ ಅಪಾಚೆ. ಅಮೆರಿಕದ ಮೂಲನಿವಾಸಿ ಅಪಾಚೆ ಜನರ ಮೇಲಿನ ಗೌರವದಿಂದ ಇಟ್ಟ ಹೆಸರು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ತೇಪೆ ಹಾಕಿದ್ದು’ ಎಂಬ ಮಾತಿನ ಧ್ವನಿಯೂ ಅದರಲ್ಲಿದೆ ಎನ್ನುವವರಿದ್ದಾರೆ. ನಮ್ಮ ಡಬ್ಬಿ ನೋಡಿದವನಾದ್ದರಿಂದ ನಾನು ಎರಡನೆಯ ಪಕ್ಷ.

2014ರ ಆಗಸ್ಟಿನ ಒಂದು ಶನಿವಾರ, ಹೊರಗೆ ಮಳೆ ಹೊಯ್ಯುತ್ತಿದ್ದಾಗ, ಆ ಡಬ್ಬಿಯ ಉಬುಂಟುವನ್ನು 12.04ರಿಂದ 14.04ಕ್ಕೆ ಏರಿಸೋಣ ಎಂಬ ದುರ್ಬುದ್ಧಿ ನನಗೆ ಬಂತು. ಯಂತ್ರವೇ ಕೇಳಿತ್ತು, ಏರಿಸಲೇ ಎಂದು. ಕೇಳಿದವರಿಗೆ ಇಲ್ಲ ಅನ್ನುವ ಅಭ್ಯಾಸ ನಮ್ಮ ಮನೆತನದಲ್ಲಿ ಇಲ್ಲ. ಸಂಜೆಯ ಹೊತ್ತಿಗೆ ಎಲ್ಲ ಮುಗಿದು ಡಬ್ಬಿ ಎದ್ದು ಕೂತಿತು. ಪುಟ ತೆರೆದೆ. ನಮ್ಮ ಗ್ರಂಥಾಲಯ ಎಲ್ಲೂ ಇಲ್ಲ. ಅದರ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ‘ಇಟ್ ವರ್ಕ್ಸ್!’ ಎಂದಿದೆ.

“ಕೆಲಸ ಮಾಡ್ತಿದೆ ಅಂತ ಅದೇ ಬರ್‍ಕೊಂಡಿದೆಯಲ್ಲ ಸರ್” ಅಂದರು ಮೇಡಂ.

ಅಪಾಚೆ 2.2 ಹೋಗಿ 2.4 ಬಂದಿತ್ತು. ಹೊಸ ಯಜಮಾನನಿಗೆ ಹೊಸ ಶಿಸ್ತು. ತಾಣಗಳ ವಿವರ ಬರೆದಿಟ್ಟ ಕಡತದ ಹೆಸರು ‘ಡಾಟ್ ಕಾನ್ಫ್’ ಎಂದು ಮುಗಿಯದಿದ್ದರೆ ಅವನು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ನಮ್ಮ ಕಡತಕ್ಕೆ ಆ ಬಾಲ ಇರಲಿಲ್ಲ. ಬಾಲ ಅಂಟಿಸಿದೆ. ಈಗ ‘403, ಪ್ರವೇಶವಿಲ್ಲ’ ಎಂದಿತು. ಒಳಗೆ ಬಿಡುವ, ತಡೆಯುವ ಮಾತನ್ನು ಹೇಳುವ ರೀತಿಯನ್ನೇ 2.4ರಲ್ಲಿ ಬದಲಿಸಿದ್ದರು. ಮೊದಲು ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ಸರದಿಯನ್ನು ಎರಡು ಸಾಲಿನಲ್ಲಿ ಬರೆಯಬೇಕಿತ್ತು, ಈಗ ‘ರಿಕ್ವೈರ್ ಆಲ್ ಗ್ರ್ಯಾಂಟೆಡ್’ ಎಂಬ ಒಂದೇ ಸಾಲು. ಇದನ್ನು ಕಂಡುಹಿಡಿಯಲು ಭಾನುವಾರ ಇಡೀ ಹೋಯಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ನಿಜವಾದ ಮಾನ ಹೋದದ್ದು ಸೋಮವಾರ.

ಸೋಮವಾರ ಬೆಳಗ್ಗೆ ಬಾಗಿಲು ತೆರೆಯಿತು, ಪುಟವೂ ಬಂತು. ಕಾಲೇಜಿನ ಹೆಸರು ಬಂತು. ಅದರ ಕೆಳಗೆ ಪುಸ್ತಕಗಳ ಪಟ್ಟಿ ಬರುವಲ್ಲಿ ಡಾಲರ್ ಚಿಹ್ನೆಗಳು, ಅರ್ಧವಿರಾಮಗಳು, ಹೂವಿನ ಆವರಣಗಳು ರಾಶಿಯಾಗಿ ಬಿದ್ದಿದ್ದವು. ಏರಿಸುವ ಗದ್ದಲದಲ್ಲಿ ಅಪಾಚೆಗೂ ಪಿಎಚ್‌ಪಿಗೂ ನಡುವಿನ ಕೊಂಡಿ ಕಳಚಿಹೋಗಿತ್ತು. ಬೇಯಿಸುವವನು ಇಲ್ಲ ಎಂಬ ಪರಿವೆಯೂ ಇಲ್ಲದೆ ಅಪಾಚೆ ಹಸಿ ಹೂರಣವನ್ನೇ ಬಡಿಸುತ್ತಿತ್ತು. ಕಪ್ಪು ಪರದೆಯ ಮೇಲೆ ನಾನು ಪಿಎಚ್‌ಪಿಯ ಆವೃತ್ತಿ ಕೇಳಿದರೆ ಠೀಕಾಗಿ ಉತ್ತರ ಕೊಡುತ್ತದೆ. ಮನೆಯಲ್ಲಿ ಅಡುಗೆಯವರು ಇದ್ದಾರೆ, ಆದರೆ ಪಂಕ್ತಿಯಲ್ಲಿ ಬಡಿಸುವವನಿಗೆ ಅವರ ಪರಿಚಯವಿಲ್ಲ. ಯಂತ್ರದಲ್ಲಿ ಪಿಎಚ್‌ಪಿ ಇರುವುದು ಬೇರೆ, ಅಪಾಚೆಯೊಳಗೆ ಅದರ ಮಾಡ್ಯೂಲ್ ಇರುವುದು ಬೇರೆ ಎಂಬ ತತ್ತ್ವ ನನಗೆ ಹೊಳೆದದ್ದು ಆಗ.

ಒಂದೇ ಸಮಾಧಾನ ಅಂದರೆ, ಡೇಟಾಬೇಸಿನ ಪಾಸ್‌ವರ್ಡ್ ಇದ್ದ ಸಾಲು ತೆರೆಯ ಮೇಲೆ ಕಾಣುತ್ತಿರಲಿಲ್ಲ. ಬ್ರೌಸರ್ ಅಪರಿಚಿತವಾದ ಕೋನದ ಆವರಣ ಕಂಡರೆ ಮುಂದಿನ ಮುಚ್ಚುವ ಕೋನ ಸಿಗುವವರೆಗೆ ಎಲ್ಲವನ್ನೂ ಮುಚ್ಚಿಡುತ್ತದೆ, ಆಮೇಲೆ ಉಳಿದದ್ದನ್ನು ಚೆಲ್ಲುತ್ತದೆ. ಪಾಸ್‌ವರ್ಡ್ ಮೊದಲ ಮುಚ್ಚುವ ಕೋನಕ್ಕಿಂತ ಮೇಲಿತ್ತು. “ದೇವರು ದೊಡ್ಡವನು” ಅಂದೆ. ಹಿಂದೆ ನಿಂತಿದ್ದ ಎರಡನೇ ಬಿಎಸ್ಸಿಯ ಹುಡುಗನೊಬ್ಬ ತುಂಬ ವಿನಯದಿಂದ, “ಸರ್, ಕಂಟ್ರೋಲ್ ಯು ಒತ್ತಿ” ಅಂದ. ಒತ್ತಿದೆ. ಪುಟದ ಮೂಲ ಇಡಿಯಾಗಿ ತೆರೆಯಿತು. ಪಾಸ್‌ವರ್ಡ್ ನಮ್ಮೂರ ದೇವರ ಹೆಸರೇ, ಮುಂದೆ 123. ಅಂಕಪಟ್ಟಿಯ ಬೀರುವಿನ ಕೀಲಿ ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ನಡುಬೀದಿಯಲ್ಲಿ ನೇತಾಡಿತ್ತು. ಆ ವರ್ಷ ಇಂಟರ್ನಲ್ ಮಾರ್ಕ್ಸ್ ಯಾರದೂ ಹೆಚ್ಚಾಗಲಿಲ್ಲ. ನಮ್ಮ ಹುಡುಗರು ಒಳ್ಳೆಯವರು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆ ಹುಡುಗನ ಅಭಿಪ್ರಾಯ ಬೇರೆ: “ಒಳ್ಳೆಯವರಲ್ಲ ಸರ್, ಯಾರೂ ನೋಡಿಲ್ಲ ಅಷ್ಟೆ.”

ಅವನೇ ನನಗೆ ಶಿಷ್ಯನಾದ. ಗುರುವಾದ ಅಂತಲೂ ಹೇಳಬಹುದು, ಆದರೆ ಪಿಂಚಣಿ ಬರುವುದು ನನಗೆ.

ಕೊಂಡಿ ಕೂಡಿಸಿದೆವು. ಈಗ ಪುಟ ಬೆಳ್ಳಗೆ ಬಂತು. ಬೆಳ್ಳಗೆ ಅಂದರೆ ಸುಣ್ಣ ಹೊಡೆದ ಗೋಡೆಯ ಹಾಗೆ, ಒಂದು ಅಕ್ಷರವಿಲ್ಲ. ಸರ್ವರಿನ ಲೋಕದಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ಇದೇ. ಬೈದರೆ ತಡೆದುಕೊಳ್ಳಬಹುದು, ಮಾತು ಬಿಟ್ಟರೆ ಏನು ಮಾಡುವುದು? ನಾನು ಅರ್ಧ ಗಂಟೆ ಪುಟವನ್ನು ರಿಫ್ರೆಶ್ ಮಾಡಿದೆ. ರಿಫ್ರೆಶ್ ಮಾಡುವುದು ಒಂದು ಬಗೆಯ ಜಪ, ಅದರಿಂದ ಮನಸ್ಸಿಗೆ ನೆಮ್ಮದಿ, ಯಂತ್ರಕ್ಕೆ ಏನೂ ಇಲ್ಲ. ಹುಡುಗ ಮೆಲ್ಲಗೆ ಕೇಳಿದ: “ಲಾಗ್ ನೋಡೋದಾ ಸರ್?”

ಅಪಾಚೆ ಒಂದು ಎರರ್ ಲಾಗ್ ಬರೆದುಕೊಂಡು ಹೋಗುತ್ತದೆ. ದಿನ, ಗಂಟೆ, ನಿಮಿಷ, ಸೆಕೆಂಡು, ಏನಾಯಿತು, ಯಾವ ಕಡತದಲ್ಲಿ, ಎಷ್ಟನೇ ಸಾಲಿನಲ್ಲಿ. ನನ್ನ ಅಜ್ಜ ಅಡಕೆ ವ್ಯವಹಾರದ ದಿನವಹಿ ಬರೆಯುತ್ತಿದ್ದ ಹಾಗೆ, ಯಾರು ಓದಲಿ ಬಿಡಲಿ, ಬರೆಯುವುದು ಬರೆಯುವುದೇ. ದೋಷಗಳನ್ನು ಪುಟದ ಮೇಲೆ ತೋರಿಸಬೇಡ ಎಂದು ಪಿಎಚ್‌ಪಿಗೆ ಮೊದಲೇ ಹೇಳಿರುತ್ತಾರೆ, ಅತಿಥಿಗಳ ಎದುರು ಮನೆಯ ಜಗಳ ಬೇಡ ಎಂಬಂತೆ. ಆದ್ದರಿಂದ ಎದುರಿಗೆ ಬೆಳ್ಳನೆಯ ಮೌನ, ಒಳಗೆ ದಿನವಹಿಯಲ್ಲಿ ಸಾಲುಸಾಲು ದೂರು. ತೆರೆದರೆ, ಎರಡು ದಿನದಿಂದ ನಾನು ಕೇಳಿಕೊಂಡ ಪ್ರತಿ ಪ್ರಶ್ನೆಗೂ ಅಲ್ಲಿ ಉತ್ತರ ಬರೆದಿತ್ತು. ಬಾಲವಿಲ್ಲದ ಕಡತ ಮತ್ತು ಕಳಚಿದ ಕೊಂಡಿಯ ಪ್ರಶ್ನೆಗಳನ್ನು ಬಿಟ್ಟು. ಓದದೇ ಇದ್ದ ಕಡತದ ಬಗ್ಗೆ, ಪರಿಚಯವೇ ಇಲ್ಲದ ಅಡುಗೆಯವರ ಬಗ್ಗೆ ಅದು ತಾನೇ ಏನು ಬರೆದೀತು?

ದೂರಿನ ಮೂಲ ಇಷ್ಟೆ: ಆ ಬಿಸಿಎ ಹುಡುಗರು ಯಾವುದೋ ಹಳೆಯ ಪುಸ್ತಕ ನೋಡಿ ಬರೆದಿದ್ದರು. ಹಿಂದೆ ಪಿಎಚ್‌ಪಿಯಲ್ಲಿ ‘ರಿಜಿಸ್ಟರ್ ಗ್ಲೋಬಲ್ಸ್’ ಎಂಬ ಅತಿ ಉದಾರವಾದ ಪದ್ಧತಿ ಇತ್ತು. ಬಾಗಿಲಿಗೆ ಬಂದವನು ತನ್ನ ಜೊತೆ ಏನು ತಂದರೂ ಅದು ಕೇಳದೆಯೇ ಮನೆಯ ಸಾಮಾನಾಗಿ ಬಿಡುತ್ತಿತ್ತು. ಫಾರಂನಲ್ಲಿ ‘ಹೆಸರು’ ಎಂದು ತುಂಬಿದರೆ ಒಳಗೆ ‘ಹೆಸರು’ ಎಂಬ ಚರಾಕ್ಷರ ತಾನೇ ತಾನಾಗಿ ಹುಟ್ಟುತ್ತಿತ್ತು. ‘ನಾನೇ ಪ್ರಿನ್ಸಿಪಾಲ್’ ಎಂದು ತಂದರೂ ಹುಟ್ಟುತ್ತಿತ್ತು. ಇದು ಅಪಾಯ ಎಂದು 2002ರಲ್ಲೇ ಅದನ್ನು ಪೂರ್ವನಿಯೋಜಿತವಾಗಿ ಮುಚ್ಚಿದರು, 2012ರ 5.4ರಲ್ಲಿ ಕಿತ್ತೇ ಹಾಕಿದರು. ನಮ್ಮಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಮತ್ತೆ ತೆರೆದಿಟ್ಟಿದ್ದರು. ಉಬುಂಟು 14.04ರ ಜೊತೆ ಬಂದದ್ದು ಪಿಎಚ್‌ಪಿ 5.5. ತೆರೆಯಲು ಬಾಗಿಲೇ ಇಲ್ಲ. ಹೀಗಾಗಿ ಅಲ್ಲಲ್ಲಿ ನಾನೇ ಕೈಹಾಕಿ ತಿದ್ದತೊಡಗಿದೆ. ಒಂದು ಕಡೆ ಡಾಲರ್ ಚಿಹ್ನೆ ಬಿಟ್ಟೆ. ಲಾಗಿನಲ್ಲಿ ಬಂದ ಉತ್ತರ ನೋಡಿ ಹೌಹಾರಿದೆ: ‘ಪಾಮಾಯಿಮ್ ನೆಕುಡೋತಾಯಿಮ್’ ನಿರೀಕ್ಷಿಸಲಾಗಿತ್ತು, ಸಿಗಲಿಲ್ಲ.

ಮಂತ್ರವಾದಿಯ ಬೈಗುಳದಂತಿರುವ ಇದು ಹೀಬ್ರೂ. 1998ರಲ್ಲಿ ಮೂರನೆಯ ಪಿಎಚ್‌ಪಿಯನ್ನು ಹೊಸದಾಗಿ ಕಟ್ಟಿಕೊಟ್ಟ ಜೀವ್ ಸುರಾಸ್ಕಿ ಮತ್ತು ಆಂಡಿ ಗಟ್‌ಮನ್ಸ್ ಇಸ್ರೇಲಿನ ಹೈಫಾದಲ್ಲಿ ಓದುತ್ತಿದ್ದ ಹುಡುಗರು. ಒಂದರ ಪಕ್ಕ ಒಂದರಂತೆ ಬರುವ ಎರಡು ವಿವರಣ ಚಿಹ್ನೆಗಳಿಗೆ ಅವರು ತಮ್ಮ ಮನೆಮಾತಿನಲ್ಲೇ ಹೆಸರಿಟ್ಟರು. ಅರ್ಥ ಇಷ್ಟೆ, ‘ಜೋಡಿ ಕೋಲನ್’. ಜಗತ್ತಿನ ಎಷ್ಟೋ ಜನ ಈ ಶಬ್ದ ಕಂಡು ತಲೆ ಕೆರೆದುಕೊಂಡಿದ್ದಾರೆ, ಅದನ್ನು ತೆಗೆಯಿರಿ ಎಂದು ಗಲಾಟೆ ಮಾಡಿದ್ದಾರೆ. ನನಗೆ ಮಾತ್ರ ಹೊಟ್ಟೆಕಿಚ್ಚು. ನಮ್ಮ ಬಿಸಿಎ ಹುಡುಗರು ಬರೆದದ್ದರಲ್ಲಿ ಒಂದಾದರೂ ಕನ್ನಡ ಶಬ್ದ ಇದೆಯೇ ಎಂದು ಹುಡುಕಿದೆ. ಪಾಸ್‌ವರ್ಡಿನ ದೇವರ ಹೆಸರು ಬಿಟ್ಟರೆ ಇರಲಿಲ್ಲ. ನಾವು ಬರೆದಿದ್ದರೆ ಅದನ್ನು ‘ಇಮ್ಮಡಿ ವಿಸರ್ಗ’ ಎಂದು ಕರೆದು ಹೈಫಾದ ಮೇಷ್ಟ್ರೊಬ್ಬರನ್ನು ಹೆದರಿಸಬಹುದಿತ್ತು.

ಆಮೇಲೆ ಪ್ರಶ್ನೆಪತ್ರಿಕೆಗಳ ಸರದಿ. ಪರೀಕ್ಷಾ ವಿಭಾಗದವರು ಸ್ಕ್ಯಾನ್ ಮಾಡಿದ ಕಡತಗಳನ್ನು ಏರಿಸಲು ಹೋದರೆ ಏರುತ್ತಿರಲಿಲ್ಲ. ಪಿಎಚ್‌ಪಿ ತಾನಾಗಿ ಒಪ್ಪಿಕೊಳ್ಳುವುದು 2 ಎಂಬಿಯ ಕಡತ. ಅದರ ನಿಯಮಪುಸ್ತಕ ‘ಪಿಎಚ್‌ಪಿ ಡಾಟ್ ಐಎನ್‌ಐ’ ತೆರೆದು 2 ಇದ್ದಲ್ಲಿ 20 ಮಾಡಿದೆ. ಏನೂ ಆಗಲಿಲ್ಲ. 50 ಮಾಡಿದೆ. ಸಿಟ್ಟಿನಲ್ಲಿ 500 ಮಾಡಿದೆ. ಸಾಲಿನ ಮೊದಲಿಗೆ ಅರ್ಧವಿರಾಮ ಇದೆಯೇ ಎಂದು ನೋಡಿದೆ. ಈ ಅರ್ಧವಿರಾಮವೊಂದು ವಿಚಿತ್ರ ಪ್ರಾಣಿ. ಪಿಎಚ್‌ಪಿಯಲ್ಲಿ ಅದನ್ನು ಸಾಲಿನ ಕೊನೆಗೆ ಮರೆತರೆ ಪುಟವೇ ಸಾಯುತ್ತದೆ, ಐಎನ್‌ಐಯಲ್ಲಿ ಸಾಲಿನ ಮೊದಲಿಗೆ ಉಳಿದರೆ ಆ ಸಾಲಿನ ಬಾಯಿ ಮುಚ್ಚುತ್ತದೆ. ನಮ್ಮ ಸಾಲಿನಲ್ಲಿ ಅದು ಇರಲಿಲ್ಲ. ಕಪ್ಪು ಪರದೆಯಲ್ಲಿ ಕೇಳಿದರೆ ಪಿಎಚ್‌ಪಿಯೂ 500 ಎಂದೇ ಒಪ್ಪಿಕೊಳ್ಳುತ್ತಿದೆ. ಪುಟದಲ್ಲಿ ಮಾತ್ರ 2.

ಮೂರನೆಯ ದಿನ ಹುಡುಗ ಒಂದೇ ಸಾಲಿನ ಕಡತ ಬರೆದ, ಪಿಎಚ್‌ಪಿ ತನ್ನ ಜಾತಕವನ್ನೆಲ್ಲ ತಾನೇ ಹೇಳಿಕೊಳ್ಳುವ ‘ಪಿಎಚ್‌ಪಿ ಇನ್ಫೋ’. ಅದನ್ನು ಬ್ರೌಸರಿನಲ್ಲಿ ತೆರೆದರೆ ನೇರಳೆ ಬಣ್ಣದ ಉದ್ದದ ಕೋಷ್ಟಕ. ಅದರಲ್ಲಿ ಒಂದು ಸಾಲು: ಓದಿಕೊಂಡ ನಿಯಮಪುಸ್ತಕ ಇಂಥದ್ದು ಎಂದು. ಅದು ನಾನು ತಿದ್ದುತ್ತಿದ್ದ ಪುಸ್ತಕ ಅಲ್ಲ! ಇರುವುದು ಎರಡು. ಕಪ್ಪು ಪರದೆಯ ಪಿಎಚ್‌ಪಿಗೆ ಒಂದು, ಅಪಾಚೆಯೊಳಗೆ ಕೂತ ಪಿಎಚ್‌ಪಿಗೆ ಇನ್ನೊಂದು. ಎರಡಕ್ಕೂ ಹೆಸರು ಒಂದೇ, ಕೋಣೆ ಬೇರೆ. ಮೂರು ದಿನ ನಾನು ಅಣ್ಣನ ಕಿವಿಯಲ್ಲಿ ಹೇಳಿ ತಮ್ಮ ಕೇಳಲಿಲ್ಲ ಎಂದು ಬೈಯುತ್ತಿದ್ದೆ. ಸರ್ಕಾರಿ ಕಚೇರಿಗೆ ಅಲೆದವರಿಗೆ ಇದು ಹೊಸದಲ್ಲ. ಅರ್ಜಿಯಲ್ಲಿ ತಪ್ಪಿರುವುದಿಲ್ಲ, ಸಾಹೇಬರ ಮೇಜಿನ ಮೇಲೆ ಇರುವುದು ಇನ್ನೊಂದು ಕಡತ.

ಸರಿಯಾದ ಪುಸ್ತಕದಲ್ಲಿ 20 ಎಂದು ಬರೆದು ಅಪಾಚೆಯನ್ನು ಮತ್ತೆ ಶುರು ಮಾಡಿದೆವು. ಎದ್ದಾಗ ಒಮ್ಮೆ ಮಾತ್ರ ಓದಿಕೊಳ್ಳುವ ಜಾತಿ ಅದು. ಈಗ 2 ಎಂಬಿ ದಾಟಿದವು ಏರಿದವು, 8 ದಾಟಿದವು ಏರಲಿಲ್ಲ. ಇನ್ನೊಂದು ಹೊಸ್ತಿಲಿತ್ತು: ಫಾರಂ ಒಟ್ಟಾರೆ ತರಬಹುದಾದ ಹೊರೆ 8 ಎಂಬಿ. ಅದನ್ನು ಮೀರಿದರೆ ಪಿಎಚ್‌ಪಿ ತಂದವನ ಎದುರು ತಕರಾರು ಮಾಡುವುದಿಲ್ಲ, ಇಡೀ ಹೊರೆಯನ್ನೇ ಬಿಸಾಕಿ ಬರಿಗೈಯಲ್ಲಿ ಒಳಗೆ ಕಳಿಸುತ್ತದೆ. ಒಳಗಿನ ಪುಟ ಬರಿಗೈ ನೋಡಿ, ‘ದಯವಿಟ್ಟು ಕಡತವನ್ನು ಆಯ್ಕೆ ಮಾಡಿ’ ಎನ್ನುತ್ತದೆ. ಪರೀಕ್ಷಾ ವಿಭಾಗದ ಗುಮಾಸ್ತರು, “ಆಯ್ಕೆ ಮಾಡಿದ್ದೇನೆ ಕಣ್ರೀ, ಹತ್ತು ಸಲ ಮಾಡಿದ್ದೇನೆ” ಎಂದು ಮಾನಿಟರಿಗೆ ಹೇಳುತ್ತಿದ್ದದ್ದು ನಮ್ಮ ಸ್ಟಾಫ್ ರೂಮಿಗೆ ಕೇಳುತ್ತಿತ್ತು. ಅದು ಸರಿಹೋದಮೇಲೆ ಕಡತ ಇಡುವ ಫೋಲ್ಡರಿನಲ್ಲಿ ಅಪಾಚೆಗೆ ಬರೆಯುವ ಹಕ್ಕಿಲ್ಲ ಎಂದಾಯಿತು. 777 ಕೊಟ್ಟುಬಿಡಿ ಎಂದು ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಪರಿಹಾರ ಹೇಳಿದ. ಅಂದರೆ ಯಾರು ಬೇಕಾದರೂ ಓದಿ, ಬರೆಯಿರಿ, ಓಡಿಸಿ. ಬೀಗದ ಕೀಲಿ ಸಿಗದಿದ್ದರೆ ಬಾಗಿಲನ್ನೇ ಕಿತ್ತು ಸೌದೆ ಮಾಡಿಕೊಳ್ಳಿ ಎಂಬ ಸಲಹೆ. ದೇವರ ಹೆಸರಿನ ನೆನಪು ಹಸಿಯಾಗಿತ್ತು, ಕೊಡಲಿಲ್ಲ.

ಇಂಟರ್ನಲ್ ಮಾರ್ಕ್ಸ್ ಹಾಕಿದ ದಿನ ಡಬ್ಬಿ ನಿಂತೇ ಹೋಯಿತು. ಇದು ಅಂಚಿನ ದೋಷವಲ್ಲ, ಎಲೆಯ ಲೆಕ್ಕ. ಪಿಎಚ್‌ಪಿಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡ ಅಪಾಚೆ ಬರುವವರಿಗೆಲ್ಲ ಒಬ್ಬೊಬ್ಬ ಬಡಿಸುವವನನ್ನು ನಿಲ್ಲಿಸುತ್ತದೆ. ಪ್ರತಿಯೊಬ್ಬನ ಹೆಗಲ ಮೇಲೂ ಇಡೀ ಅಡುಗೆಮನೆ, ಅವನು ಬರೀ ಒಂದು ಚಿತ್ರ ಕೊಡಲು ಹೊರಟಿದ್ದರೂ. ನಮ್ಮಲ್ಲಿ ಒಬ್ಬೊಬ್ಬನ ತೂಕ ಸುಮಾರು 20 ಎಂಬಿ. ಅಪಾಚೆಯ ನಿಯಮಪುಸ್ತಕದಲ್ಲಿ 150 ಜನಕ್ಕೆ ಅನುಮತಿ. ಗುಣಿಸಿದರೆ 3000, ಇರುವುದು 512. ಇಪ್ಪತ್ತು ಎಲೆಯ ಅಕ್ಕಿಗೆ ನೂರೈವತ್ತು ಎಲೆ ಹಾಸಿದ ಮದುವೆಮನೆ. ಯಾರಿಗೂ ಇಲ್ಲ ಎನ್ನದೆ ಎಲ್ಲರನ್ನೂ ಕೂರಿಸಿ ಯಾರಿಗೂ ಬಡಿಸಲಾರದೆ ಯಂತ್ರ ಹಾರ್ಡ್ ಡಿಸ್ಕನ್ನು ಕೆರೆಯುತ್ತಿತ್ತು. 150ನ್ನು 15 ಮಾಡಿದೆ. ಉಳಿದವರು ಹೊರಗೆ ಸಾಲಿನಲ್ಲಿ ನಿಂತರು, ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಆ ಯಂತ್ರಕ್ಕೆ ನಾನು ಮಾಡಿದ ಉಪಕಾರಗಳಲ್ಲಿ ನನಗೆ ಪೂರ್ತಿ ಅರ್ಥವಾಗಿ ಮಾಡಿದ್ದು ಇದೊಂದೇ.

ಅದೇ ಉತ್ಸಾಹದಲ್ಲಿ ವೇಗ ಇನ್ನಷ್ಟು ಹೆಚ್ಚಲಿ ಎಂದು, ಯಾರೋ ಹೇಳಿದ್ದನ್ನು ನಂಬಿ, ಪಿಎಚ್‌ಪಿಯ ನಿಯಮಪುಸ್ತಕದಲ್ಲಿ ‘ಔಟ್‌ಪುಟ್ ಬಫರಿಂಗ್’ ಎಂಬುದನ್ನು ನಿಲ್ಲಿಸಿದೆ. ಮರುದಿನದಿಂದ ಯಾರೂ ಲಾಗಿನ್ ಆಗಲು ಆಗಲಿಲ್ಲ. ಪಾಸ್‌ವರ್ಡ್ ಕೊಟ್ಟರೆ ಒಳಗೆ ಹೋದಂತೆ ಮಾಡಿ ಮತ್ತೆ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಈ ಸಲ ನಾನು ಜಪ ಮಾಡಲಿಲ್ಲ, ನೇರ ಲಾಗಿಗೆ ಹೋದೆ. ಲಾಗ್ ಹೇಳಿತು: ತಲೆಬರಹ ಕಳಿಸಲಾಗದು, ಈಗಾಗಲೇ ಪುಟ ಹೊರಗೆ ಹೋಗಿಯಾಗಿದೆ, ಹೊರಗೆ ಹೋಗಲು ಶುರುವಾದದ್ದು ಇಂಥ ಕಡತದ ಒಂದನೆಯ ಸಾಲಿನಲ್ಲಿ.

ಲಾಗಿನ್ ಆದವರ ಗುರುತಿಗೆ ಬ್ರೌಸರಿಗೆ ಕುಕಿ ಎಂಬ ಚೀಟಿ ಕೊಡಬೇಕಾದರೆ ಅದನ್ನು ಪುಟದ ಮೊದಲ ಅಕ್ಷರಕ್ಕಿಂತ ಮುಂಚೆ ತಲೆಬರಹದಲ್ಲಿ ಕಳಿಸಬೇಕು. ಕಾಗದ ಅಂಚೆಗೆ ಹಾಕಿದ ಮೇಲೆ ಲಕೋಟೆಯ ಮೇಲೆ ವಿಳಾಸ ಬರೆಯಲು ಆಗುವುದಿಲ್ಲ. ಸರಿ, ಏನು ಹೋಯಿತು ಎಂದು ಒಂದನೆಯ ಸಾಲು ನೋಡಿದೆ. ಹೂರಣ ಶುರುವಾಗುವ ಚಿಹ್ನೆ ಬಿಟ್ಟು ಏನೂ ಇಲ್ಲ. ಅದರ ಹಿಂದೆ ಒಂದು ಖಾಲಿ ಜಾಗವೂ ಇಲ್ಲ. ಕನ್ನಡಕ ಒರೆಸಿ ನೋಡಿದೆ. ಸಾಲನ್ನೇ ಅಳಿಸಿ ಮತ್ತೆ ಟೈಪ್ ಮಾಡಿದೆ. ಲಾಗ್ ತನ್ನ ಮಾತು ಬಿಡಲಿಲ್ಲ: ಒಂದನೆಯ ಸಾಲು. ಎರಡು ದಿನ ಅದಕ್ಕೇ ಬುದ್ಧಿ ಕೆಟ್ಟಿದೆ ಎಂದುಕೊಂಡೆ.

ಹುಡುಗ ಕಡತವನ್ನು ಅಕ್ಷರವಾಗಿ ಅಲ್ಲ, ಬೈಟುಗಳಾಗಿ ತೆರೆದು ತೋರಿಸಿದ. ಚಿಹ್ನೆಗಿಂತ ಮುಂಚೆ ಮೂರು ಬೈಟುಗಳು ಕೂತಿದ್ದವು: 239, 187, 191. ತೆರೆಯ ಮೇಲೆ ಅವಕ್ಕೆ ರೂಪವಿಲ್ಲ, ಅಗಲವೂ ಇಲ್ಲ. ಇದು ಯುನಿಕೋಡ್ ಕಡತ ಎಂದು ಸಾರಲು ವಿಂಡೋಸಿನ ನೋಟ್‌ಪ್ಯಾಡ್ ಆಗೆಲ್ಲ ಕಡತದ ನೆತ್ತಿಗೆ ಹಚ್ಚುತ್ತಿದ್ದ ಗುರುತು. ಯಾರು ಹಚ್ಚಿದರು? ವಿಚಾರಿಸಿದರೆ, ಆ ಮಾರ್ಚಿನಲ್ಲಿ ಕಾಲೇಜಿನ ಹೆಸರನ್ನು ಕನ್ನಡದಲ್ಲಿ ಹಾಕಬೇಕು ಎಂದು ಸಭೆಯಲ್ಲಿ ಹಟ ಹಿಡಿದವನು ನಾನೇ. ಆಫೀಸಿನವರು ಆ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಕನ್ನಡದಲ್ಲಿ ಹೆಸರು ಕೂರಿಸಿ, ಉಳಿಸುವಾಗ ಯುಟಿಎಫ್ 8 ಎಂದು ಸರಿಯಾಗಿಯೇ ಆರಿಸಿದ್ದರು. ಹಾಗೆ ಮಾಡದಿದ್ದರೆ ಕಾಲೇಜಿನ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತಿತ್ತು.

ಹಾಗಿದ್ದರೆ ಮಾರ್ಚಿನಿಂದ ಇಲ್ಲಿಯವರೆಗೆ ಯಾಕೆ ತೊಂದರೆಯಾಗಲಿಲ್ಲ? ಅದಕ್ಕೂ ಕಾರಣ ನಾನೇ ನಿಲ್ಲಿಸಿದ ಆ ಬಫರ್. 4096 ಬೈಟು ತುಂಬುವವರೆಗೆ ಅದು ಪುಟವನ್ನು ತಡೆದಿಟ್ಟು, ತಲೆಬರಹವನ್ನು ಮುಂದೆ ಬಿಟ್ಟು, ಆಮೇಲೆ ಉಳಿದದ್ದನ್ನು ಕಳಿಸುತ್ತಿತ್ತು. ಮಾಡು ಮಾರ್ಚಿನಿಂದಲೂ ಸೋರುತ್ತಿತ್ತು, ಕೆಳಗೆ ಯಾರೋ ಪಾತ್ರೆ ಇಟ್ಟಿದ್ದರು. ಪಾತ್ರೆ ಯಾಕೆ ಇಲ್ಲಿದೆ ಎಂದು ನಾನು ಎತ್ತಿಟ್ಟೆ.

ಕಾಣದ ಅಕ್ಷರ ಎಂದು ನಾನು ಮೂಗು ಮುರಿಯುವ ಹಾಗೂ ಇರಲಿಲ್ಲ. ಈ ಲೇಖನದಲ್ಲಿ ‘ಪಿಎಚ್‌ಪಿ’ ಎಂದು ಬರೆದಾಗಲೆಲ್ಲ ನಾನೂ ಒಂದು ಕಾಣದ ಅಕ್ಷರವನ್ನು ಒಳಗೆ ಸೇರಿಸುತ್ತಿದ್ದೇನೆ. ಅದಿಲ್ಲದಿದ್ದರೆ ಚಕಾರದ ಕಾಲಿಗೆ ಪಕಾರ ಒತ್ತಾಗಿ ಬಂದು ನೇತಾಡುತ್ತದೆ. ಕೆಲವರು ಅದನ್ನು ಪದದ ಕೊನೆಗೂ ಒತ್ತುತ್ತಾರೆ, ಅಲ್ಲಿ ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಒಂದೇ. ನಮ್ಮ ಪುಸ್ತಕದ ಪಟ್ಟಿಯಲ್ಲಿ ಪಾಟೀಲ್ ಎಂದು ಹುಡುಕಿದರೆ ಅರ್ಧ ಪಾಟೀಲರಷ್ಟೇ ಬರುತ್ತಿದ್ದರು. ಉಳಿದವರ ಬೆನ್ನಿಗೆ ಕಾಣದ ಬಾಲವಿತ್ತು. ಇನ್ನೊಂದು ಕಡೆ ಹುಡುಗರು ಪುಸ್ತಕದ ಹೆಸರನ್ನು 50ಕ್ಕೆ ಕತ್ತರಿಸಿ ತೋರಿಸು ಎಂದು ಬರೆದಿದ್ದರು. ಪಿಎಚ್‌ಪಿ ಎಣಿಸುವುದು ಬೈಟುಗಳನ್ನು. ‘ಕನ್ನಡ’ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಯುನಿಕೋಡಿನ ಲೆಕ್ಕದಲ್ಲಿ ಐದು, ಏಕೆಂದರೆ ಒತ್ತಿನ ನ ಮತ್ತು ಅದನ್ನು ಒತ್ತಿಹಿಡಿದ ಹಲಂತ ಬೇರೆ ಬೇರೆ. ಪ್ರತಿಯೊಂದಕ್ಕೂ ಮೂರು ಬೈಟಿನಂತೆ ಪಿಎಚ್‌ಪಿಯ ಲೆಕ್ಕದಲ್ಲಿ ಹದಿನೈದು. 50 ಮೂರರಿಂದ ಭಾಗವಾಗುವುದಿಲ್ಲ. ಹೀಗಾಗಿ ಉದ್ದ ಹೆಸರಿನ ಹಲವು ಪುಸ್ತಕಗಳ ಕೊನೆಯ ಅಕ್ಷರವನ್ನು ಅದು ನಡುವೆಯೇ ತುಂಡರಿಸುತ್ತಿತ್ತು, ಆ ಜಾಗದಲ್ಲಿ ಬ್ರೌಸರ್ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆಯನ್ನು ಇಡುತ್ತಿತ್ತು. ಬಹುವಚನದ ಎಷ್ಟೋ ಪುಸ್ತಕಗಳು ಅಲ್ಲಿ ಅರ್ಧ ‘ಗ’ದಲ್ಲಿ ಸತ್ತಿದ್ದವು. ಅಕ್ಷರ ಎಣಿಸಲು ಬಲ್ಲ ಬೇರೆ ಸಲಕರಣೆ ಪಿಎಚ್‌ಪಿಯಲ್ಲೇ ಇದೆ, ಹಾಕಿಕೊಂಡೆವು. ಅದಕ್ಕೂ ಒತ್ತಕ್ಷರದ ಒಗ್ಗಟ್ಟು ತಿಳಿಯದು. ಐದು ಎನ್ನುತ್ತದೆ, ಮೂರು ಎನ್ನುವುದಿಲ್ಲ. ಅಷ್ಟಕ್ಕೇ ತೃಪ್ತಿಪಟ್ಟೆವು.

ನಾನು ನಿವೃತ್ತನಾಗಿ ಕೆಲವು ವರ್ಷಗಳಾದವು. ಗೋಣಿತಾಟಿನ ಡಬ್ಬಿ ಈಗ ಸ್ಟೋರ್ ರೂಮಿನಲ್ಲಿದೆಯಂತೆ. ಗ್ರಂಥಾಲಯದ ಪಟ್ಟಿ ಎಲ್ಲೋ ದೂರದ ಬಾಡಿಗೆಯ ಯಂತ್ರಕ್ಕೆ ಹೋಗಿದೆ. ನೋಡಿಕೊಳ್ಳುವವನು ಅದೇ ಹುಡುಗ, ಈಗ ಅಲ್ಲೇ ಅತಿಥಿ ಉಪನ್ಯಾಸಕ. ಅಪಾಚೆಯೂ ಹೋಗಿ ಎಂಜಿನೆಕ್ಸ್ ಬಂದಿದೆ. ಅದು ಅಡುಗೆಮನೆಯನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಪಿಎಚ್‌ಪಿಗೆ ಪಕ್ಕದಲ್ಲೇ ಬೇರೆ ಮನೆ ಮಾಡಿಕೊಟ್ಟು ಕಿಟಕಿಯಲ್ಲಿ ಪಾತ್ರೆ ದಾಟಿಸಿಕೊಳ್ಳುತ್ತದೆ. ಅಂಚು ಕೂಡಿಸುವ ರಗಳೆಯೇ ಇಲ್ಲ ಸರ್ ಎಂದು ಹುಡುಗ ಹೆಮ್ಮೆಯಿಂದ ಹೇಳಿದ್ದ.

ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದಾಗ ಅವನ ಫೋನು.

“ಸರ್, 502 ಬ್ಯಾಡ್ ಗೇಟ್‌ವೇ ಅಂತ ಬರ್ತಿದೆ. ಬೆಳಗ್ಗೆ ಮಾರ್ಕ್ಸ್ ಹಾಕ್ಬೇಕು. ಒಂದು ಗಂಟೆಯಿಂದ ರಿಫ್ರೆಶ್ ಮಾಡ್ತಾ ಇದೀನಿ.”

“ಲಾಗ್ ನೋಡಿದ್ಯೇನೋ?” ಎಂದು ಕೇಳುವಾಗ ನನ್ನ ದನಿಯಲ್ಲಿ ಸಂತೋಷ ಇಣುಕಿತು ಎಂದು ಹೆಂಡತಿ ಆಮೇಲೆ ಹೇಳಿದಳು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಯಾವುದು ಸರ್? ಈಗ ಎರಡಿದೆಯಲ್ಲ.”